ಹೊಲಿಗೆಯ ಕೈ: ಗಾಯ ಹೊಲಿಯುವ ಮನೆ ಅಭ್ಯಾಸದ ಸಾಮಗ್ರಿ ಕುರಿತು ಒಂದು ಟಿಪ್ಪಣಿ

ವೈದ್ಯ ವಿದ್ಯಾರ್ಥಿಗಳು ಗಾಯಕ್ಕೆ ಹೊಲಿಗೆ ಹಾಕುವುದನ್ನು ಮನೆಯಲ್ಲಿ ರೂಢಿಸಿಕೊಳ್ಳಲು ಬಾಳೆಹಣ್ಣಿನ ಸಿಪ್ಪೆ, ಸ್ಪಂಜು, ಹಳೆಬಟ್ಟೆಗಳನ್ನು ಬಳಸುವುದುಂಟು. ಯಾವ ವಸ್ತು ಕೈಗೆ ಏನು ಕಲಿಸುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಈ ಪ್ರಶ್ನೆ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯ ಪೂರ್ತಿ ಅಭ್ಯಾಸಕ್ಕೇ ಮೀಸಲು. ಎಷ್ಟು ಓದಿದ್ದರೂ ಕೈ ಪಳಗದವನು ಶಸ್ತ್ರಕರ್ಮಕ್ಕೆ ಯೋಗ್ಯನಲ್ಲ ಎಂಬುದು ಅದರ ನಿಲುವು. ಕೊಯ್ಯುವುದಕ್ಕೆ ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆ. ಸಿರೆ ಚುಚ್ಚುವುದಕ್ಕೆ ಸತ್ತ ಪಶುವಿನ ಸಿರೆ, ನೈದಿಲೆಯ ದಂಟು. ಹೊಲಿಗೆಗೆ ಮಾತ್ರ ತರಕಾರಿ ಹೇಳಿಲ್ಲ. ಬಟ್ಟೆಯ ಅಂಚು, ಮೆದು ತೊಗಲಿನ ಅಂಚು ಎಂದಿದೆ. ಕಾರಣವನ್ನು ಗ್ರಂಥ ಕೊಡುವುದಿಲ್ಲ. ನನ್ನ ಊಹೆ ಇಷ್ಟು: ಹೊಲಿಗೆಯೆಂದರೆ ಎರಡು ಅಂಚುಗಳನ್ನು ಕೂಡಿಸುವುದು. ಎಳೆದರೆ ಬಾಗಿ ಬರುವ ಅಂಚು ಬೇಕು. ಸೌತೆಕಾಯಿಗೆ ಆ ಗುಣವಿಲ್ಲ.

ಹಾಗೆಂದು ಬಾಳೆಸಿಪ್ಪೆಯನ್ನು ತಳ್ಳಿಹಾಕುವಂತಿಲ್ಲ. ಸೂಜಿಯನ್ನು ಅಂಚಿನಿಂದ ತೀರ ದೂರ ಚುಚ್ಚಿದರೆ ನೋವು, ತೀರ ಹತ್ತಿರ ಚುಚ್ಚಿದರೆ ಅಂಚು ಕಿತ್ತುಬರುತ್ತದೆ ಎಂದು 25ನೆಯ ಅಧ್ಯಾಯ ಎಚ್ಚರಿಸುತ್ತದೆ. ಎರಡನೆಯ ತಪ್ಪನ್ನು ಸಿಪ್ಪೆ ತಕ್ಷಣ ತೋರಿಸುತ್ತದೆ. ಬಟ್ಟೆ ಸಹಿಸಿಕೊಂಡು ಮುಚ್ಚಿಡುತ್ತದೆ.

ನೂಲಿನ ವಿಷಯಕ್ಕೆ ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿಯಂಥ ಮೀನುಗಾರಿಕೆ ಬಂದರು ನೆರವಾಗುತ್ತದೆ. 1935ರಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ಡುಪಾಂಟ್ ಪ್ರಯೋಗಾಲಯದಲ್ಲಿ ರೂಪಿಸಿದ ನೈಲಾನ್ ಇಂದು ಬಲೆಯಲ್ಲೂ ಇದೆ, ಚರ್ಮ ಹೊಲಿಯುವ ನೂಲಿನಲ್ಲೂ ಇದೆ. ದರ್ಜಿಯ ಹತ್ತಿನೂಲಿನಲ್ಲಿ ಮೊದಲ ಗಂಟು ಹಾಕಿದಲ್ಲೇ ಕೂರುತ್ತದೆ. ಕಲಿಯುವವರಿಗೆ ಅದೊಂದು ಮೋಸ. ಒಂಟಿ ಎಳೆಯ ನೈಲಾನ್ ಸುರುಳಿಯ ನೆನಪನ್ನು ಬಿಡದೆ ಪುಟಿಯುತ್ತದೆ, ಗಂಟು ಸಡಿಲುತ್ತದೆ. ಎರಡನೆಯ ಸುತ್ತನ್ನು ಮೊದಲನೆಯದಕ್ಕೆ ಎದುರು ದಿಕ್ಕಿನಲ್ಲಿ ಹಾಕಬೇಕು, ಮೇಲೆ ಇನ್ನೂ ಒಂದೆರಡು ಸುತ್ತು ಬೇಕು. ಒಂದೇ ದಿಕ್ಕಿಗೆ ಹಾಕಿದರೆ ಅದು ಜಾರುಗಂಟು. ಗಾಳದ ತೆಳು ನೂಲಿನ ತುಂಡು ಇದನ್ನು ಚೆನ್ನಾಗಿ ಕಲಿಸುತ್ತದೆ.

ಆದರೆ ಬಲೆ ದುರಸ್ತಿ ಮಾಡುವವರ ಕೈಯನ್ನು ಹಾಗೆಯೇ ಅನುಕರಿಸಬಾರದು. ಕಣ್ಣಿನಿಂದ ಕಣ್ಣಿಗೆ ಅಂತರ ಸಮನಾಗಿ ಕಾಯುವ ಅವರ ಶಿಸ್ತು ಹೊಲಿಗೆಗೂ ಬೇಕಾದದ್ದೇ. ಬಿಗಿ ಮಾತ್ರ ಬೇರೆ. ಬಲೆಯ ಗಂಟು ಬಿಗಿದಷ್ಟೂ ಒಳ್ಳೆಯದು. ಗಾಯದ ಅಂಚು ಮುಂದಿನ ದಿನಗಳಲ್ಲಿ ಊದಿಕೊಳ್ಳುವುದರಿಂದ, ಇವತ್ತು ಬಿಗಿಯಾಗಿ ಕಟ್ಟಿದ ಗಂಟು ನಾಳೆ ರಕ್ತ ಸಂಚಾರವನ್ನೇ ತಡೆದೀತು. ಅಂಚುಗಳು ಮುಟ್ಟಿದರೆ ಸಾಕು. ಇದನ್ನು ಸ್ಪಂಜು ಚೆನ್ನಾಗಿ ಹೇಳಿಕೊಡುತ್ತದೆ: ಹೆಚ್ಚು ಎಳೆದರೆ ಗಂಟಿನ ಬುಡ ಕುಗ್ಗಿ ಸೊಟ್ಟಗಾಗುತ್ತದೆ.

ನೇರ ಸೂಜಿಯಿಂದ ಕಲಿಯಲಾಗದ್ದು ಮಣಿಕಟ್ಟಿನ ತಿರುವು. ಬಾಗಿದ ಸೂಜಿ ಚರ್ಮಕ್ಕೆ ಲಂಬವಾಗಿ ಇಳಿದು ತನ್ನ ವಕ್ರತೆಯಲ್ಲೇ ಮೇಲೇಳಬೇಕು. ಅದಕ್ಕೆ ಸೂಜಿ ಹಿಡಿಯುವ ಇಕ್ಕಳವೇ ಬೇಕು. ರಕ್ತಸ್ರಾವ, ಅರಿವಳಿಕೆ, ಸೋಂಕು ತಡೆಯುವ ಕ್ರಮ ಇವು ಮನೆಯಲ್ಲಿ ಬರುವಂಥವಲ್ಲ.

ಆದ್ದರಿಂದ ಕಡಲತೀರದ ಓದುಗರಲ್ಲಿ ಒಂದು ಮನವಿ. ಈ ಅಭ್ಯಾಸ ಸಿಪ್ಪೆ, ಬಟ್ಟೆ, ಸ್ಪಂಜಿಗೆ ಮಾತ್ರ. ಗಾಳ ನೆಟ್ಟ, ಮೀನಿನ ಮುಳ್ಳು ಚುಚ್ಚಿದ ಗಾಯವನ್ನು ಮನೆಯಲ್ಲಿ ಹೊಲಿಯಬೇಡಿ. ಉಪ್ಪುನೀರಿನ ವಿಬ್ರಿಯೊ ರೋಗಾಣು ಮುಚ್ಚಿದ ಗಾಯದೊಳಗೆ ಬೇಗ ಹಬ್ಬಬಲ್ಲದು. ಶುದ್ಧ ನೀರಿನಲ್ಲಿ ತೊಳೆದು, ಬಟ್ಟೆ ಸುತ್ತಿ, ತಡಮಾಡದೆ ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.