‘ಕಿಲ್ ಎಮ್ ಆಲ್’: ನಾಲ್ಕು ದಶಕ ಕಳೆದರೂ ಸವೆಯದ ಸುತ್ತಿಗೆ

ಈ ಆಲ್ಬಂ ಮನೆಯಲ್ಲಿ ಜೋರಾಗಿ ಹಾಕಿದರೆ ಕಲಬುರಗಿ ಕಡೆ ಬರುವ ಮೊದಲ ವಿಮರ್ಶೆ ಒಂದೇ: “ಏನ್ ಗದ್ಲ ಹಚ್ಚೀಯೋ ತಮ್ಮಾ, ಬಂದ್ ಮಾಡು ಅದನ್ನ!” ವಿಮರ್ಶೆ ತಪ್ಪೇನಲ್ಲ. ಗದ್ದಲ ಮಾಡಬೇಕು ಅಂತಲೇ ಮಾಡಿದ ಆಲ್ಬಂ ಇದು. ಪ್ರಶ್ನೆ ಏನಪ್ಪಾ ಅಂದ್ರೆ, 1983ರಲ್ಲಿ ಅಮೆರಿಕದ ನಾಲ್ವರು ಹುಡುಗರು ಎಬ್ಬಿಸಿದ ಗದ್ದಲ ಇವತ್ತು ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ನಿಂತ ಹುಡುಗನಿಗೂ ಯಾಕೆ ತನ್ನದು ಅನಿಸುತ್ತದೆ?

ಮೆಟಾಲಿಕಾ ಬ್ಯಾಂಡಿನ ಚೊಚ್ಚಲ ಆಲ್ಬಂ ‘ಕಿಲ್ ಎಮ್ ಆಲ್’ ಬಿಡುಗಡೆಯಾಗಿದ್ದು 1983ರ ಜುಲೈ 25ರಂದು. ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಎತ್ತಿ ಸರಿಯಾಗಿ ಒಂದು ತಿಂಗಳಾಗಿತ್ತು. ಹತ್ತು ಹಾಡು, ಸುಮಾರು 51 ನಿಮಿಷ. ಥ್ರ್ಯಾಶ್ ಮೆಟಲ್ ಎಂಬ ಪ್ರಕಾರದ ಮೊದಲ ಪೂರ್ಣ ಆಲ್ಬಂ ಅಂತ ಸಾಮಾನ್ಯವಾಗಿ ಎಲ್ಲರೂ ಒಪ್ಪುವುದು ಇದನ್ನೇ. ಸ್ಲೇಯರ್‌ನ ‘ಶೋ ನೋ ಮರ್ಸಿ’ ಬಂದಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಆಂಥ್ರಾಕ್ಸ್‌ನ ಮೊದಲ ಆಲ್ಬಂ 1984ರ ಜನವರಿಯಲ್ಲಿ, ಮೆಗಾಡೆತ್‌ನದ್ದು 1985ರಲ್ಲಿ. ಥ್ರ್ಯಾಶ್‌ನ ‘ಬಿಗ್ ಫೋರ್’ ಅಂತ ಕರೆಯುವುದು ಈ ನಾಲ್ಕು ಬ್ಯಾಂಡ್‌ಗಳನ್ನೇ.

ಥ್ರ್ಯಾಶ್ ಅಂದ್ರೇನು?

ಸರಳವಾಗಿ ಹೇಳಬೇಕೆಂದರೆ, ಇಂಗ್ಲೆಂಡಿನ ಹೆವಿ ಮೆಟಲ್‌ನ ತೂಕಕ್ಕೆ ಪಂಕ್‌ನ ವೇಗ ಸೇರಿದರೆ ಥ್ರ್ಯಾಶ್. ಮೆಟಾಲಿಕಾ ಹುಡುಗರು ಡೈಮಂಡ್ ಹೆಡ್, ಮೋಟರ್‌ಹೆಡ್ ಬ್ಯಾಂಡ್‌ಗಳನ್ನು ಕೇಳಿ ಬೆಳೆದವರು. ಗಿಟಾರ್ ನುಡಿಸುವ ಕ್ರಮದಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಬಲ ಅಂಗೈಯ ಅಂಚನ್ನು ತಂತಿಯ ಮೇಲೆ ಒತ್ತಿ ನುಡಿಸುವುದು. ಆಗ ಸ್ವರ ಗುಂಯ್ ಅಂತ ಹರಡದೆ ‘ದಗ್ ದಗ್ ದಗ್’ ಅಂತ ಕತ್ತರಿಸಿ ಬೀಳುತ್ತದೆ. ಎರಡು, ಪಿಕ್ಕನ್ನು ಮೇಲೆ ಕೆಳಗೆ ಆಡಿಸದೆ ಪ್ರತಿ ಪೆಟ್ಟನ್ನೂ ಕೆಳಮುಖವಾಗಿಯೇ ಹೊಡೆಯುವುದು. ಜೇಮ್ಸ್ ಹೆಟ್‌ಫೀಲ್ಡ್‌ನ ಬಲಗೈ ಹೆಸರಾಗಿದ್ದೇ ಇದಕ್ಕೆ. ‘ವಿಪ್‌ಲ್ಯಾಶ್’ ಹಾಡಿನ ತಾಳ ನಿಮಿಷಕ್ಕೆ 200ರ ಆಸುಪಾಸಿನಲ್ಲಿದೆ. ಅಷ್ಟು ವೇಗದಲ್ಲಿ ಹೀಗೆ ಹೊಡೆಯೋದು ಮೈಮುರಿಯುವ ಕೆಲಸ. ಈ ಸಂಗೀತದಲ್ಲಿ ಬೆವರು ಕೇಳಿಸುತ್ತದೆ.

ಯಾರು ಈ ಹುಡುಗರು?

ರೆಕಾರ್ಡಿಂಗ್ ಹೊತ್ತಿಗೆ ಹೆಟ್‌ಫೀಲ್ಡ್ ಮತ್ತು ಡ್ರಮ್ಮರ್ ಲಾರ್ಸ್ ಉಲ್ರಿಕ್ ಇಬ್ಬರಿಗೂ 19 ವರ್ಷ. ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ಗೆ 20, ಬೇಸ್ ಗಿಟಾರಿನ ಕ್ಲಿಫ್ ಬರ್ಟನ್‌ಗೆ 21. ಹೆಟ್‌ಫೀಲ್ಡ್‌ನ ಅಪ್ಪ ಲಾರಿ ಸಾಗಣೆ ಕಸುಬಿನವರು. ಅಮ್ಮ 1980ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವನಿಗೆ 16. ಮುಂದೆ ಲೇಬಲ್, ಸ್ಟಿಕರ್ ತಯಾರಿಸುವ ಕಾರ್ಖಾನೆಯಲ್ಲಿ ದುಡಿದವನು. ಉಲ್ರಿಕ್ ಡೆನ್ಮಾರ್ಕ್‌ನ ಟೆನಿಸ್ ಆಟಗಾರನ ಮಗ. 1981ರಲ್ಲಿ ಲಾಸ್ ಏಂಜಲೀಸ್‌ನ ಒಂದು ಜಾಹೀರಾತು ಪತ್ರಿಕೆಯಲ್ಲಿ ‘ಜೊತೆಗೆ ನುಡಿಸಲು ಜನ ಬೇಕು’ ಅಂತ ಹಾಕಿದ ಸಣ್ಣ ಜಾಹೀರಾತಿನಿಂದ ಇಬ್ಬರ ಪರಿಚಯ ಆಯಿತು. ಎಲ್ಲರೂ ಬಡವರಾಗಿದ್ದರು ಅಂತ ಕಥೆ ಕಟ್ಟಬೇಕಾಗಿಲ್ಲ. ಆದರೆ ಇವರ ಸಂಗೀತ ಮಾರಾಟವಾಗುತ್ತದೆ ಅಂತ ಆಗ ಯಾವ ದೊಡ್ಡ ಕಂಪನಿಯೂ ನಂಬಿರಲಿಲ್ಲ.

ಕೈಯಿಂದ ಕೈಗೆ ಹೋದ ಕ್ಯಾಸೆಟ್

ಆಲ್ಬಂಗೂ ಮುಂಚೆ, 1982ರ ಜುಲೈನಲ್ಲಿ, ಇವರು ‘ನೋ ಲೈಫ್ ಟಿಲ್ ಲೆದರ್’ ಅನ್ನುವ ಡೆಮೊ ಕ್ಯಾಸೆಟ್ ಮಾಡಿದರು. ಅದು ಅಂಗಡಿಯಲ್ಲಿ ಮಾರಿದ್ದಕ್ಕಿಂತ ಹೆಚ್ಚಾಗಿ ಅಂಚೆಯಲ್ಲಿ ಹರಡಿತು. ಒಬ್ಬ ಅಭಿಮಾನಿ ಇನ್ನೊಬ್ಬನಿಗೆ ಪ್ರತಿ ಮಾಡಿ ಕಳಿಸುವುದು, ಅವನು ಮತ್ತೊಬ್ಬನಿಗೆ. ರೇಡಿಯೊ ಇಲ್ಲ, ಟಿವಿ ಇಲ್ಲ, ಖಾಲಿ ಕ್ಯಾಸೆಟ್ ಮತ್ತು ಅಂಚೆಚೀಟಿ ಅಷ್ಟೇ.

ನಮ್ಮ ಭಾಗದವರಿಗೆ ಇದು ಹೊಸ ಕಥೆಯೇನಲ್ಲ. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲ್ ಸಾಹೇಬರ ತತ್ವಪದಗಳು ಅಚ್ಚಾಗುವ ಮುಂಚೆ ಬಾಯಿಂದ ಬಾಯಿಗೆ, ಕೈಬರಹದ ಪುಸ್ತಕದಿಂದ ಪುಸ್ತಕಕ್ಕೆ ಹೋಗಿಯೇ ಉಳಿದವು. ತತ್ವಪದಕ್ಕೂ ಥ್ರ್ಯಾಶ್‌ಗೂ ಹೋಲಿಕೆ ಇದೆ ಅಂತ ಹೇಳ್ತಿಲ್ಲ. ದೊಡ್ಡವರ ಅಂಗಡಿಯಲ್ಲಿ ಜಾಗ ಸಿಗದ ಹಾಡು ಕೇಳುಗರ ಹೆಗಲೇರಿ ಊರೂರು ತಿರುಗುತ್ತೆ, ಅಷ್ಟೇ.

ಆ ಕ್ಯಾಸೆಟ್‌ನ ಒಂದು ಪ್ರತಿ ನ್ಯೂಜೆರ್ಸಿಯ ಸಂತೆ ಮಾರುಕಟ್ಟೆಯಲ್ಲಿ ರೆಕಾರ್ಡ್ ಮಾರುತ್ತಿದ್ದ ಜಾನ್ ಮತ್ತು ಮಾರ್ಷಾ ಜಝೂಲಾ ದಂಪತಿಯ ಕೈಸೇರಿತು. ಅವರು ಹುಡುಗರನ್ನು ಕ್ಯಾಲಿಫೋರ್ನಿಯಾದಿಂದ ಕರೆಸಿಕೊಂಡರು. ಕಂಪನಿಗಳು ಕೈಯೆತ್ತಿದಾಗ ತಾವೇ ‘ಮೆಗಾಫೋರ್ಸ್’ ಎಂಬ ಸಂಸ್ಥೆ ಹುಟ್ಟುಹಾಕಿದರು. ಈ ಕಥೆ ಹೇಳುವಾಗ ಮಾರ್ಷಾ ಹೆಸರು ಆಗಾಗ ಬಿಟ್ಟುಹೋಗುತ್ತದೆ. ಗಂಡಸರದ್ದೇ ಲೋಕದಂತೆ ಕಾಣುವ ಥ್ರ್ಯಾಶ್‌ನ ಬಾಗಿಲು ತೆರೆದವರಲ್ಲಿ ಒಬ್ಬ ಹೆಂಗಸೂ ಇದ್ದರು ಅನ್ನೋದನ್ನ ನೆನಪಿಡಬೇಕು.

ಹದಿನೈದು ಸಾವಿರ ಡಾಲರ್, ಎರಡೂವರೆ ವಾರ

1983ರ ಮೇ 10ರಿಂದ 27ರವರೆಗೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಟ್ಟಣದ ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ನಡೆಯಿತು. ನಿರ್ಮಾಪಕ ಪಾಲ್ ಕರ್ಸಿಯೊ. ಖರ್ಚು ಸುಮಾರು 15,000 ಡಾಲರ್. ಆಲ್ಬಂನ ಒರಟುತನದಲ್ಲಿ ಈ ಅವಸರವೂ ಇದೆ, ಈ ಬಜೆಟ್ಟೂ ಇದೆ.

ಹೆಸರಿನ ಬಗ್ಗೆ ಒಂದು ಮಾತು. ‘ಎಲ್ಲರನ್ನೂ ಕೊಂದುಬಿಡಿ’ ಅನ್ನೋ ಅರ್ಥ ಕೇಳಿದ ಕೂಡಲೇ ಹಿಂಸೆಗೆ ಕರೆ ಕೊಟ್ಟ ಹಾಗೆ ಕಾಣುತ್ತೆ. ನಡೆದದ್ದು ಬೇರೆ. ಬ್ಯಾಂಡ್ ಮೊದಲು ಇಟ್ಟಿದ್ದು ಒಂದು ಪೋಲಿ ಹೆಸರು. ಇಂಥ ಹೆಸರಿನ ಆಲ್ಬಂ ಅಂಗಡಿಗೆ ಹಾಕಲ್ಲ ಅಂದರು ವಿತರಕರು. ಅವರ ಮೇಲಿನ ಸಿಟ್ಟಿನಲ್ಲಿ ಕ್ಲಿಫ್ ಬರ್ಟನ್ ಆಡಿದ ಮಾತೇ ಹೆಸರಾಯಿತು. ಮುಖಪುಟದಲ್ಲಿ ನೆಲಕ್ಕೆ ಬಿದ್ದ ಸುತ್ತಿಗೆ, ಪಕ್ಕದಲ್ಲಿ ರಕ್ತ, ಹಿಂದೆ ಒಂದು ಕೈಯ ನೆರಳು.

ಹೊರಹಾಕಿದವನ ಹಾಡು

ಈ ಆಲ್ಬಂನಲ್ಲಿ ಒಂದು ಗಾಯವೂ ಇದೆ. ರೆಕಾರ್ಡಿಂಗ್‌ಗೆ ಒಂದು ತಿಂಗಳ ಮುಂಚೆ, ಏಪ್ರಿಲ್ 11ರಂದು, ಗಿಟಾರಿಸ್ಟ್ ಡೇವ್ ಮಸ್ಟೇನ್‌ನನ್ನು ಬ್ಯಾಂಡಿನಿಂದ ತೆಗೆದರು. ಕಾರಣ ಕುಡಿತ ಮತ್ತು ಜಗಳ. ನ್ಯೂಯಾರ್ಕ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ದಿನಗಟ್ಟಲೆ ಪ್ರಯಾಣದ ಬಸ್ಸು ಹತ್ತಿಸಿ ಕಳಿಸಿದರು. ಎಕ್ಸೋಡಸ್ ಬ್ಯಾಂಡಿನಿಂದ ಬಂದ ಹ್ಯಾಮೆಟ್ ಆ ಜಾಗದಲ್ಲಿ ನಿಂತ.

ಆದರೆ ಹತ್ತರಲ್ಲಿ ನಾಲ್ಕು ಹಾಡುಗಳ ರಚನೆಯಲ್ಲಿ ಮಸ್ಟೇನ್ ಹೆಸರಿದೆ: ‘ದ ಫೋರ್ ಹಾರ್ಸ್‌ಮನ್’, ‘ಜಂಪ್ ಇನ್ ದ ಫೈರ್’, ‘ಫ್ಯಾಂಟಮ್ ಲಾರ್ಡ್’, ‘ಮೆಟಲ್ ಮಿಲಿಷಿಯಾ’. ಮೊದಲನೆಯದರ ಮೂಲರೂಪವನ್ನು ‘ಮೆಕ್ಯಾನಿಕ್ಸ್’ ಹೆಸರಿನಲ್ಲಿ, ಇನ್ನೂ ವೇಗವಾಗಿ, ತನ್ನ ಮೆಗಾಡೆತ್‌ನ ಮೊದಲ ಆಲ್ಬಂನಲ್ಲಿ ಹಾಕಿ ಮಸ್ಟೇನ್ ಉತ್ತರ ಕೊಟ್ಟ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಕೆಲಸದಿಂದ ತೆಗೆದರೂ ಕೆಲಸದ ಗುರುತು ಅಳಿಸೋಕಾಗಲ್ಲ ಅನ್ನೋದು ಕಿವಿಗೇ ತಿಳಿಯುತ್ತೆ.

ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇದು ರಾಜಕೀಯ ಆಲ್ಬಂ ಅಂತ ತೋರಿಸುವ ಆಸೆ ನನಗೂ ಇತ್ತು. ಆಗಲ್ಲ. ಸಾಹಿತ್ಯದಲ್ಲಿ ಇರೋದು ವೇಗ, ವೇದಿಕೆ, ತಲೆ ಅಲ್ಲಾಡಿಸುವ ಮಂದಿ, ರಾತ್ರಿ ಜಗಳ ಹುಡುಕಿಕೊಂಡು ಹೊರಡುವ ಹುಡುಗರು. ‘ನೋ ರಿಮೋರ್ಸ್’ನಲ್ಲಿ ಯುದ್ಧ ಇನ್ನೂ ಪಶ್ಚಾತ್ತಾಪವಿಲ್ಲದ ಅಬ್ಬರ. 1986ರ ‘ಡಿಸ್ಪೋಸಬಲ್ ಹೀರೋಸ್’ ಹೊತ್ತಿಗೆ ಅದೇ ಬ್ಯಾಂಡ್ ಸೈನಿಕನನ್ನು ಬಳಸಿ ಬಿಸಾಡುವ ವಸ್ತುವಾಗಿ ಕಂಡಿತು. 1988ರ ‘ಒನ್’ ಹಾಡಿಗೆ ಡಾಲ್ಟನ್ ಟ್ರಂಬೊ ಅವರ ಯುದ್ಧವಿರೋಧಿ ಕಾದಂಬರಿಯೇ ಆಧಾರ. ಅಂದರೆ ಮೊದಲು ಸಿಟ್ಟು ಬಂತು, ಆ ಸಿಟ್ಟು ಯಾರ ಮೇಲೆ ಅನ್ನೋ ತಿಳಿವಳಿಕೆ ಆಮೇಲೆ ಬಂತು. ಇಪ್ಪತ್ತರ ಹರೆಯ ದಾಟಿದವರಿಗೆಲ್ಲ ಈ ದಾರಿ ಗೊತ್ತಿರುತ್ತೆ.

ಗಣಿ ಊರುಗಳಲ್ಲಿ ಬೇರು

ಇಂಥ ಸಂಗೀತ ಎಲ್ಲೆಲ್ಲಿ ಬೇರು ಬಿಟ್ಟಿತು ನೋಡಿ. ಹೆವಿ ಮೆಟಲ್‌ನ ತಾಯಿಬೇರು ಬ್ಲ್ಯಾಕ್ ಸಬ್ಬತ್ ಹುಟ್ಟಿದ್ದು ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮ್‌ನಲ್ಲಿ. ಅದರ ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿಗೆ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳುಗಳ ತುದಿ ಕಳೆದುಕೊಂಡವನು. ಜರ್ಮನಿಯಲ್ಲಿ ಥ್ರ್ಯಾಶ್ ಬೆಳೆದಿದ್ದು ಕಲ್ಲಿದ್ದಲು–ಉಕ್ಕಿನ ರೂರ್ ಪ್ರದೇಶದಲ್ಲಿ. ಎಸ್ಸೆನ್ ಪಟ್ಟಣದ ಕ್ರಿಯೇಟರ್, ಗೆಲ್ಸೆನ್‌ಕಿರ್ಖೆನ್‌ನ ಸೋಡಮ್. ಸೋಡಮ್‌ನ ಹಾಡುಗಾರ ಟಾಮ್ ಏಂಜಲ್‌ರಿಪ್ಪರ್ ಗಣಿ ಕಾರ್ಮಿಕನಾಗಿದ್ದವನು. ಬ್ರೆಜಿಲ್‌ನ ಸೆಪುಲ್ಟುರಾ ಬಂದಿದ್ದು ಮಿನಾಸ್ ಜೆರಾಯಿಸ್ ರಾಜ್ಯದಿಂದ. ಆ ಹೆಸರಿನಲ್ಲೇ ‘ಗಣಿ’ ಇದೆ.

ಕಾರಣ ಒಂದೇ ಅಂತ ಹೇಳೋದು ಕಷ್ಟ. ಆದರೆ ಶಹಾಬಾದ್‌ನ ಕಲ್ಲಿನ ಖಣಿ ನೋಡಿದವರಿಗೆ, ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿಯ ಸಿಮೆಂಟ್ ಲಾರಿಗಳ ಧೂಳು ಕುಡಿದವರಿಗೆ, ದಿನಪೂರ್ತಿ ಗೂಡ್ಸ್ ಗಾಡಿಯ ಸದ್ದು ಕೇಳಿದವರಿಗೆ ಈ ಸಂಗೀತ ಪೂರ್ತಿ ಪರದೇಶಿ ಅನಿಸೋದಿಲ್ಲ. ಒಂದೇ ಪೆಟ್ಟು, ಮತ್ತೆ ಮತ್ತೆ, ನಿಲ್ಲದೆ. ಕಲ್ಲು ಒಡೆಯೋ ಲಯ ಅದು.

ಕರ್ನಾಟಕದಲ್ಲಿ

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಎರಡು ದಿನ ಮುಂಚೆ ದಿಲ್ಲಿ ಹತ್ತಿರದ ಗುರುಗ್ರಾಮದಲ್ಲಿ ಆಗಬೇಕಿದ್ದ ಕಚೇರಿ ರದ್ದಾಗಿ ಗಲಾಟೆಯಾಗಿತ್ತು. ಹಾಗಾಗಿ ಭಾರತದಲ್ಲಿ ಆ ಬ್ಯಾಂಡಿನ ಮೊದಲ ಕಚೇರಿ ಬೆಂಗಳೂರಿನದ್ದಾಯಿತು. ಅಷ್ಟೊತ್ತಿಗೆ ಬೆಂಗಳೂರಿಗೆ ತನ್ನದೇ ಮೆಟಲ್ ಪರಂಪರೆ ಇತ್ತು. 1998ರಲ್ಲಿ ಶುರುವಾದ ಕ್ರಿಪ್ಟೋಸ್ ತನ್ನ ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ತಂದಿದ್ದು 2004ರಲ್ಲಿ. 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕನ್ ಉತ್ಸವದಲ್ಲೂ ನುಡಿಸಿತು.

ಆದರೆ ಬೆಂಗಳೂರು ನಮಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಒಂದು ಇಡೀ ರಾತ್ರಿಯ ದೂರ. ಟಿಕೆಟ್, ಊಟ, ಉಳಿಯೋ ಜಾಗ ಎಲ್ಲ ಲೆಕ್ಕ ಹಾಕಿದರೆ ಕಚೇರಿ ಅನ್ನೋದು ದುಡ್ಡಿದ್ದವರ ಮಾತು. ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆ ಅಂದ ಕೂಡಲೇ ರಸ್ತೆ, ಆಸ್ಪತ್ರೆ, ನೌಕರಿ ಅಂತೀವಿ. ಅಭ್ಯಾಸ ಮಾಡೋಕೆ ಒಂದು ಖೋಲಿ, ನುಡಿಸೋಕೆ ಒಂದು ವೇದಿಕೆ ಇಲ್ಲದಿರೋದೂ ಆ ಪಟ್ಟಿಗೆ ಸೇರಬೇಕು.

ಹಂಚಿಕೆಯ ಮೇಲೇ ಕೇಸು

ಈ ಕಥೆಗೆ ಒಂದು ಕಹಿ ತಿರುವು ಇದೆ. 2000ದ ಏಪ್ರಿಲ್‌ನಲ್ಲಿ ಮೆಟಾಲಿಕಾ, ಅಂತರ್ಜಾಲದಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಮೇಲೆ ಮೊಕದ್ದಮೆ ಹೂಡಿತು. ಹಾಡು ಹಂಚಿಕೊಂಡ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನೇ ಕೊಟ್ಟಿತು. ಕ್ಯಾಸೆಟ್ ಪ್ರತಿ ಮಾಡಿದವರ ಕೈಯಲ್ಲಿ ಬೆಳೆದ ಬ್ಯಾಂಡ್! ಕಲಾವಿದನ ಕೆಲಸಕ್ಕೆ ದುಡ್ಡು ಸಿಗಬೇಕು ಅನ್ನೋ ಅವರ ವಾದದಲ್ಲಿ ಹುರುಳಿತ್ತು. ಆದರೂ ಕೇಳುಗರನ್ನೇ ಎದುರಾಳಿ ಮಾಡಿಕೊಂಡ ಆ ನಡೆಯನ್ನು ಹಳೇ ಅಭಿಮಾನಿಗಳು ಸುಲಭಕ್ಕೆ ಮರೆಯಲಿಲ್ಲ. 2015ರಲ್ಲಿ ಬ್ಯಾಂಡ್ ತಾನೇ ಆ 1982ರ ಡೆಮೊವನ್ನು ಮತ್ತೆ ಕ್ಯಾಸೆಟ್ ರೂಪದಲ್ಲೇ ಹೊರತಂದಿತು.

ಹಾಗಾದರೆ ಯಾಕೆ ಉಳಿದಿದೆ?

ಮೆಟಾಲಿಕಾ ಇದಕ್ಕಿಂತ ಪಕ್ವವಾದ ಆಲ್ಬಂಗಳನ್ನು ಮಾಡಿದೆ. ಹೆಟ್‌ಫೀಲ್ಡ್‌ನ ದನಿ ಇಲ್ಲಿ ಇನ್ನೂ ಎಳಸು. 1986ರಲ್ಲಿ ಸ್ವೀಡನ್‌ನ ಬಸ್ ಅಪಘಾತದಲ್ಲಿ 24ನೇ ವಯಸ್ಸಿಗೇ ತೀರಿಕೊಂಡ ಕ್ಲಿಫ್ ಬರ್ಟನ್‌ನ ಬೇಸ್ ಏಕವಾದನ ಇರೋದು ಇಲ್ಲೇ. ಅದರ ಮಟ್ಟಕ್ಕೆ ಉಳಿದ ಹಾಡುಗಳೆಲ್ಲ ಏರುವುದಿಲ್ಲ. ಆದರೂ ಅಮೆರಿಕದಲ್ಲಿ 1999ರ ಹೊತ್ತಿಗೆ 30 ಲಕ್ಷ ಪ್ರತಿಗಳ ಮಾನ್ಯತೆ ಸಿಕ್ಕಿತು. 2013ರಲ್ಲಿ ಡೆಟ್ರಾಯಿಟ್‌ನಲ್ಲಿ ಬ್ಯಾಂಡ್ ಇಡೀ ಆಲ್ಬಂ ಅನ್ನು ನುಡಿಸಿತು. ‘ಸೀಕ್ ಆ್ಯಂಡ್ ಡೆಸ್ಟ್ರಾಯ್’ ಎಷ್ಟೋ ವರ್ಷ ಅವರ ಕಚೇರಿಗಳ ಕೊನೆಯ ಹಾಡಾಗಿತ್ತು.

ದೊಡ್ಡ ಆಲ್ಬಂಗಳು ಕೇಳುಗನಿಗೆ ‘ಎಂಥಾ ಪ್ರತಿಭೆ!’ ಅನಿಸುತ್ತವೆ. ಈ ಆಲ್ಬಂ ‘ನಾವೂ ಮಾಡಬಹುದಲ್ಲ’ ಅನಿಸುತ್ತೆ. ಅದಕ್ಕೇ ಎಸ್ಸೆನ್‌ನಿಂದ ಬೆಂಗಳೂರಿನವರೆಗೆ ಹುಡುಗರು ಇಂಥ ಆಲ್ಬಂ ಕೇಳಿ ಮುಗಿಸಿ ಗಿಟಾರ್ ಹುಡುಕಲು ಹೋದರು. ಪೂರ್ತಿ ಕಲಿತ ಮೇಲೆ ಶುರು ಮಾಡೋಣ, ದುಡ್ಡು ಬಂದ ಮೇಲೆ ಮಾಡೋಣ, ದೊಡ್ಡವರು ಒಪ್ಪಿದ ಮೇಲೆ ಮಾಡೋಣ ಅಂದಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.

ಲಭ್ಯವಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ರೂಪುಗೊಂಡ ರಾಜಧಾನಿ ಇದ್ದಿದ್ದು ಇದೇ ಸೇಡಂ ತಾಲೂಕಿನ ಮಳಖೇಡದಲ್ಲಿ. ‘ಮೊದಲನೆಯದು’ ಅನ್ನೋ ಮಾತಿನ ತೂಕ ಈ ನೆಲಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಮೆಂಟ್ ಧೂಳಿನ ಬಗ್ಗೆ, ಗುತ್ತಿಗೆ ಕೂಲಿಯ ಬಗ್ಗೆ, ಬತ್ತುತ್ತಿರುವ ಕಾಗಿಣಾ ಬಗ್ಗೆ ನಮ್ಮ ಕಲಬುರಗಿ ಮಾತಿನಲ್ಲೇ ಒದರೋ ಒಂದು ಬ್ಯಾಂಡ್ ನಾಳೆ ಇಲ್ಲಿಂದ ಎದ್ದರೆ, ಅದರ ಮೊದಲ ರೆಕಾರ್ಡಿಂಗ್ ಒರಟಾಗೇ ಇರುತ್ತೆ. ಇರಲಿ ಬಿಡ್ರಿ. ಇದೂ ಹಂಗೇ ಇತ್ತು.