ಕಲಬುರಗಿ ಸರಕಿಗೆ ಜಾಲತಾಣದ ಅಂಗಡಿ

ಕಲಬುರಗಿ ಜಿಲ್ಲೆಗೆ ಹೊರಗೆ ಹೆಸರು ತಂದ ತಿನಿಸುಗಳಲ್ಲಿ ಮೂರು ಎದ್ದು ಕಾಣುತ್ತವೆ: ತೊಗರಿ ಬೇಳೆ, ಜೋಳದ ರೊಟ್ಟಿ ಮತ್ತು ಕಮಲಾಪುರದ ಕೆಂಪು ಬಾಳೆ. ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಬಂತು. ಕೆಂಪು ಬಾಳೆಗೆ ಅದು ಬಹಳ ಮೊದಲೇ ಸಿಕ್ಕಿತ್ತು. ಜಿಲ್ಲಾಡಳಿತದ ಬೆಂಬಲದಿಂದ ಮಹಿಳಾ ಸಂಘಗಳ ರೊಟ್ಟಿ ಈಚಿನ ವರ್ಷಗಳಲ್ಲಿ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡ್ ಆಯಿತು. 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ಮಹಿಳೆಯರನ್ನು ನೆನೆದರು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿದೆ, ಬೆಂಗಳೂರಿನಲ್ಲಿ ವಿಶೇಷ ಮಳಿಗೆ ತೆರೆದಿದೆ, ಆನ್‌ಲೈನ್ ವೇದಿಕೆಗಳಲ್ಲೂ ಆರ್ಡರ್ ಬರುತ್ತಿದೆ ಎಂದು ಹೇಳಿದರು. ಸರಕು ಸಿದ್ಧವಿದೆ, ಹೆಸರೂ ಇದೆ. ಇನ್ನು ಪರದೆಯ ಮೇಲೆ ಅದನ್ನು ಹೇಗೆ ಮಾರಬೇಕು ಎಂಬುದು ಪ್ರಶ್ನೆ.

ಗಂಜ್ ಮಾರುಕಟ್ಟೆಯಲ್ಲಿ ಬೇಳೆ ಕೊಳ್ಳಲು ಬಂದ ಗಿರಾಕಿ ಮೊದಲು ಚೀಲದೊಳಗೆ ಕೈ ಹಾಕುತ್ತಾನೆ. ನುಚ್ಚು ಎಷ್ಟಿದೆ, ಹುಳ ಹಿಡಿದಿದೆಯೇ, ಹೊಳಪು ಬೇಳೆಯದೋ ಸವರಿದ ಎಣ್ಣೆಯದೋ ಎಂದು ಅಂಗೈ ಮೇಲೆ ಹರವಿ ನೋಡುತ್ತಾನೆ. ಎರಡು ಕಾಳು ಬಾಯಿಗೆ ಹಾಕಿಕೊಂಡು ಆಮೇಲೆ ದರಕ್ಕೆ ಇಳಿಯುತ್ತಾನೆ. ಜಾಲತಾಣದಲ್ಲಿ ಈ ಯಾವ ಪರೀಕ್ಷೆಗೂ ಎಡೆಯಿಲ್ಲ. ಅವನ ಅನುಮಾನಗಳಿಗೆಲ್ಲ ಪುಟವೇ ಉತ್ತರ ಕೊಡಬೇಕು. ಆನ್‌ಲೈನ್ ಅಂಗಡಿಯ ವಿನ್ಯಾಸ ಮೂವತ್ತು ವರ್ಷಗಳಲ್ಲಿ ಬಣ್ಣ, ಚಿತ್ರ, ಚಲನೆಗಳಲ್ಲಿ ಎಷ್ಟೋ ವೇಷ ಬದಲಿಸಿದೆ. ಆದರೆ ಅದರ ನಿಜವಾದ ಬೆಳವಣಿಗೆಯೆಲ್ಲ ಆಗಿರುವುದು ಕೊಳ್ಳುವವನ ಅನುಮಾನಗಳನ್ನು ಒಂದೊಂದಾಗಿ ಬಗೆಹರಿಸುವ ದಾರಿಯಲ್ಲೇ ಎಂಬುದು ನನ್ನ ನಂಬಿಕೆ.

ಮೊದಲ ಅನುಮಾನ ಹಣದ್ದು. 1994ರ ಆಗಸ್ಟ್‌ನಲ್ಲಿ ಅಮೆರಿಕದ ನೆಟ್‌ಮಾರ್ಕೆಟ್ ಎಂಬ ತಾಣದಲ್ಲಿ ಗಾಯಕ ಸ್ಟಿಂಗ್‌ನ ಒಂದು ಸಿ.ಡಿ. ಮಾರಾಟವಾಯಿತು. ಕ್ರೆಡಿಟ್ ಕಾರ್ಡ್ ಸಂಖ್ಯೆಯನ್ನು ಗೂಢಲಿಪಿಯಲ್ಲಿ ಕಳುಹಿಸಿ ನಡೆಸಿದ ಮೊದಲ ಮಾರಾಟಗಳಲ್ಲಿ ಅದು ಒಂದು. ಮರುವರ್ಷ ಅಮೆಜಾನ್ ಪುಸ್ತಕ ಮಾರಲು ಶುರು ಮಾಡಿತು. 1999ರಲ್ಲಿ ಒಂದೇ ಕ್ಲಿಕ್ಕಿನಲ್ಲಿ ಖರೀದಿ ಮುಗಿಸುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಒಂದು ಗುಂಡಿಗೂ ಪೇಟೆಂಟ್ ಪಡೆಯುವಷ್ಟು ಬೆಲೆ ಇದೆ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. 1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಹುಟ್ಟಿತು. ಅದು ಕಾಲಕ್ಕಿಂತ ಮುಂದಿದ್ದ ಆನ್‌ಲೈನ್ ಅಂಗಡಿ. ಕಾರ್ಡ್ ಇದ್ದವರೇ ಕಡಿಮೆ, ಸಂಪರ್ಕ ಇದ್ದವರು ಇನ್ನೂ ಕಡಿಮೆ. ಕಲಬುರಗಿಯಂಥ ಊರುಗಳಲ್ಲಿ ಅನೇಕರು ಮೊದಲ ಸಲ ಪರದೆಯ ಮೇಲೆ ಹಣ ಕಟ್ಟಿದ್ದು ರೈಲು ಟಿಕೆಟ್ಟಿಗಾಗಿ. 2002ರ ಆಗಸ್ಟ್‌ನಲ್ಲಿ ಶುರುವಾದ ಐಆರ್‌ಸಿಟಿಸಿ ತಾಣ ಆಗ ಕಾಗದದ ಟಿಕೆಟ್ಟನ್ನು ಕೊರಿಯರ್‌ನಲ್ಲಿ ಮನೆಗೆ ಕಳುಹಿಸುತ್ತಿತ್ತು. ನೋಟದಲ್ಲಿ ಚೆಲುವಿನ ತಾಣವೇನಲ್ಲ. ಆದರೂ ಜನ ಬಿಡಲಿಲ್ಲ, ಏಕೆಂದರೆ ನಿಲ್ದಾಣದ ಸರದಿಯಲ್ಲಿ ನಿಲ್ಲುವುದನ್ನು ಅದು ತಪ್ಪಿಸಿತ್ತು. ಕೆಲಸ ಸಲೀಸಾದರೆ ಅಂದಗೇಡಿತನವನ್ನು ಜನ ಸಹಿಸುತ್ತಾರೆ. ಕೆಲಸವಾಗದ ಅಂದವನ್ನು ಯಾರೂ ಸಹಿಸುವುದಿಲ್ಲ.

2007ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಪುಸ್ತಕದ ಅಂಗಡಿಯಾಗಿ ತೆರೆಯಿತು. ಅದಕ್ಕೆ ಬಂದ ಮೊದಲ ಆರ್ಡರ್ ಬೆಂಗಳೂರಿನದೂ ಅಲ್ಲ, ಮುಂಬಯಿಯದೂ ಅಲ್ಲ. ನಮ್ಮ ನೆರೆಯ ಮೆಹಬೂಬ್‌ನಗರದ್ದು. ಈ ಸಂಗತಿ ನನಗೆ ಬಹಳ ಮುಖ್ಯ. ದೊಡ್ಡ ಪುಸ್ತಕದಂಗಡಿ ಇಲ್ಲದ ಊರಿನ ಓದುಗನಿಗೇ ಆನ್‌ಲೈನ್ ಅಂಗಡಿ ಹೆಚ್ಚು ಬೇಕಾಗಿತ್ತು. ಕಂಪನಿ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಾಗ ಇಂಥ ಊರುಗಳ ಬಾಗಿಲು ಪೂರ್ತಿ ತೆರೆಯಿತು. ಅಂಚೆಯ ವಿ.ಪಿ.ಪಿ. ಮೂಲಕ ಪುಸ್ತಕ ತರಿಸಿಕೊಂಡು ರೂಢಿಯಿದ್ದ ಕನ್ನಡ ಓದುಗರಿಗೆ ಸರಕು ಕೈಗೆ ಬಂದ ಮೇಲೆ ಹಣ ಕೊಡುವುದು ಹೊಸದೇನೂ ಆಗಿರಲಿಲ್ಲ. 2016ರಲ್ಲಿ ಯುಪಿಐ ಬಂದು ಹಣದ ಅನುಮಾನವನ್ನು ಬಹುಮಟ್ಟಿಗೆ ಮುಗಿಸಿತು. ಇವತ್ತು ರಸ್ತೆಬದಿಯ ಹಣ್ಣಿನ ಗಾಡಿಯ ಮೇಲೂ ಕ್ಯೂಆರ್ ಕೋಡ್ ಇದೆ.

ವಿನ್ಯಾಸಕಾರರು ಮತ್ತೆ ಮತ್ತೆ ಹೇಳಿಕೊಳ್ಳುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ವಿನ್ಯಾಸ ತಜ್ಞ ಜೇರೆಡ್ ಸ್ಪೂಲ್ 2009ರಲ್ಲಿ ಬರೆದದ್ದು. ಒಂದು ದೊಡ್ಡ ಅಂಗಡಿ ತಾಣದಲ್ಲಿ ಹಣ ಕಟ್ಟುವ ಮುನ್ನ ನೋಂದಣಿ ಮಾಡಿಕೊಳ್ಳಲೇಬೇಕಿತ್ತು. ಗಿರಾಕಿಗಳು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ‘ನೋಂದಾಯಿಸಿ’ ಎಂಬ ಗುಂಡಿ ತೆಗೆದು ‘ಮುಂದುವರಿಯಿರಿ’ ಎಂದು ಹಾಕಿದರು. ಖಾತೆ ತೆರೆಯದೆಯೂ ಕೊಳ್ಳಬಹುದು ಎಂದು ಕೆಳಗೆ ಒಂದು ಸಾಲು ಬರೆದರು. ಖರೀದಿ ಮುಗಿಸಿದವರ ಸಂಖ್ಯೆ ಶೇ 45ರಷ್ಟು ಏರಿ, ಮೊದಲ ವರ್ಷವೇ 30 ಕೋಟಿ ಡಾಲರ್ ಹೆಚ್ಚುವರಿ ವ್ಯಾಪಾರವಾಯಿತು. ನಮ್ಮ ಎಷ್ಟೋ ಸಣ್ಣ ತಾಣಗಳು ಇವತ್ತಿಗೂ ಎರಡು ಕಟ್ಟು ರೊಟ್ಟಿ ಕೊಳ್ಳುವವನಿಂದ ಇ-ಮೇಲ್, ಪಾಸ್‌ವರ್ಡ್, ಜನ್ಮದಿನಾಂಕ ಕೇಳುತ್ತವೆ. ಹೆಸರು, ಮೊಬೈಲ್ ಸಂಖ್ಯೆ, ವಿಳಾಸ, ಪಿನ್ ಕೋಡ್ ಇಷ್ಟಿದ್ದರೆ ಸಾಲದೇ?

ಬುಟ್ಟಿಗೆ ಸರಕು ಹಾಕಿದವರಲ್ಲಿ ಸರಾಸರಿ ಶೇ 70ರಷ್ಟು ಮಂದಿ ಕೊಳ್ಳದೆ ಹೊರಟು ಹೋಗುತ್ತಾರೆ ಎಂದು ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದೆ. ಅದು ಪಟ್ಟಿ ಮಾಡಿದ ಕಾರಣಗಳಲ್ಲಿ ಮೊದಲನೆಯದು ಕೊನೆಯ ಪುಟದಲ್ಲಿ ದಿಢೀರನೆ ಕಾಣಿಸುವ ಸಾಗಣೆ ವೆಚ್ಚ ಮತ್ತಿತರ ಶುಲ್ಕ. ತೊಗರಿ ಬೇಳೆಗೆ ಇದು ನೇರ ಹೊಡೆತ. ಬೇಳೆ ಭಾರದ ಸರಕು, ಲಾಭದ ಅಂಚು ಸಣ್ಣದು. ಒಂದು ಕೆ.ಜಿ. ಬೇಳೆಗೆ ಕೊರಿಯರ್ ಖರ್ಚು ಸೇರಿಸಿದರೆ ಬೆಂಗಳೂರಿನ ಕಿರಾಣಿ ಅಂಗಡಿಯ ದರದ ಮುಂದೆ ನಿಲ್ಲುವುದು ಕಷ್ಟ. ಆದ್ದರಿಂದ ಬೇಳೆ ಪುಟದಲ್ಲಿ 5 ಕೆ.ಜಿ. ಚೀಲವೇ ಮೊದಲು ಕಾಣಬೇಕು. ಸಾಗಣೆ ಸೇರಿ ಮನೆ ಬಾಗಿಲಿಗೆ ಎಷ್ಟು ಬೀಳುತ್ತದೆ ಎಂಬುದು ಬೆಲೆಯ ಪಕ್ಕದಲ್ಲೇ ಇರಬೇಕು. ಚೀಲ ಸೀಳಿ ಬೇಳೆ ಸುರಿದ ಹತ್ತಿರದ ಚಿತ್ರ, ಎಣ್ಣೆ ಹಚ್ಚಿದ್ದೋ ಅಲ್ಲವೋ ಎಂಬ ಒಂದು ನೇರ ವಾಕ್ಯ, ಯಾವ ಹಂಗಾಮಿನ ತೊಗರಿ, ಯಾವ ತಾಲ್ಲೂಕಿನದು, ಕುಕ್ಕರಿನಲ್ಲಿ ಎಷ್ಟು ಹೊತ್ತಿಗೆ ಬೇಯುತ್ತದೆ ಎಂಬ ವಿವರ ಬೇಕು. ಗಂಜಿನಲ್ಲಿ ಕೈ ಮಾಡುವ ಕೆಲಸವನ್ನು ಇವು ಮಾಡುತ್ತವೆ.

ತೊಗರಿಗೆ ಪರದೆ ಹೊಸದಲ್ಲ ಎಂಬುದನ್ನೂ ಹೇಳಬೇಕು. 2014ರಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆಯ ಮೂಲಕ ಎಪಿಎಂಸಿಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ರೈತನ ಉತ್ಪನ್ನಕ್ಕೆ ಗೇಟಿನಲ್ಲೇ ಲಾಟ್ ಸಂಖ್ಯೆ, ವರ್ತಕರಿಂದ ಕಂಪ್ಯೂಟರಿನಲ್ಲಿ ಟೆಂಡರ್, ಗೆದ್ದ ದರ ರೈತನ ಮೊಬೈಲಿಗೆ ಎಸ್ಸೆಮ್ಮೆಸ್. 2016ರ ಏಪ್ರಿಲ್ 14ರಂದು ಕೇಂದ್ರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ (ಇ-ನ್ಯಾಮ್) ಶುರುವಾಗುವ ಹೊತ್ತಿಗೆ ಕರ್ನಾಟಕದ ಈ ಪ್ರಯೋಗ ದೇಶಕ್ಕೆ ಮಾದರಿಯಾಗಿತ್ತು. ಆದರೆ ಅದು ದಿನವೂ ಕೂತು ನೂರಾರು ಲಾಟ್ ನೋಡುವ ವರ್ತಕರ ಪರದೆ. ಸಂಖ್ಯೆಗಳು ಒತ್ತೊತ್ತಾಗಿದ್ದಷ್ಟೂ ಅವರಿಗೆ ಅನುಕೂಲ. ವರ್ಷಕ್ಕೆ ಎರಡು ಸಲ ಬೇಳೆ ತರಿಸುವ ಗೃಹಿಣಿಗೆ ಅದೇ ಮಾದರಿ ಹಿಡಿದರೆ ಅವಳು ಮೊದಲ ಪುಟ ದಾಟುವುದಿಲ್ಲ.

ಇನ್ನು ಭಾಷೆ. ನಮ್ಮ ಮಟ್ಟಿಗೆ ಈ ಇತಿಹಾಸದ ಅತ್ಯಂತ ನಿಧಾನವಾದ ಅಧ್ಯಾಯ ಇದು. ಮೊದಲ ಕನ್ನಡ ತಾಣಗಳಲ್ಲಿ ಒಂದೊಂದು ತಾಣಕ್ಕೂ ಒಂದೊಂದು ಫಾಂಟ್. ಅದನ್ನು ಇಳಿಸಿಕೊಳ್ಳದಿದ್ದರೆ ಪರದೆಯ ತುಂಬ ಚಿತ್ರವಿಚಿತ್ರ ಚಿಹ್ನೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದು ಬೆರಳಚ್ಚು ಸುಲಭವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂದು ಯೂನಿಕೋಡ್ ಕನ್ನಡ ಕಂಪ್ಯೂಟರಿಗೆ ಇಳಿಯಿತು. ಮೊಬೈಲಿಗೆ ಮತ್ತೂ ಹತ್ತು ವರ್ಷ ಕಾಯಬೇಕಾಯಿತು. ಆಂಡ್ರಾಯ್ಡ್‌ಗೆ ಕನ್ನಡದ ಬೆಂಬಲ ಸಿಕ್ಕಿದ್ದು 2012ರಲ್ಲಿ. ದೊಡ್ಡ ಅಂಗಡಿಗಳು ಕನ್ನಡ ಕಲಿತದ್ದಂತೂ 2020ರಲ್ಲಿ, ಫ್ಲಿಪ್‌ಕಾರ್ಟ್ ಜೂನ್‌ನಲ್ಲಿ, ಅಮೆಜಾನ್ ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನಲ್ಲೇ ಹುಟ್ಟಿದ ಕಂಪನಿ ಊರಿನ ಭಾಷೆಗೆ ಬರಲು ಹದಿಮೂರು ವರ್ಷ ತೆಗೆದುಕೊಂಡಿತು ಎಂಬ ಬೇಸರ ನನಗಿದೆ.

ಕನ್ನಡ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ‘ಸ್ತ್ರೀಶಕ್ತಿ’, ‘ಲಕ್ಷ್ಮೀ’ ಎಂಬ ಹೆಸರಿನ ಸಂಘಗಳು ಊರೂರಲ್ಲಿ ಇವೆ. ಇಂಗ್ಲಿಷಿಗೆಂದು ಅಳೆದ ಸಾಲಿನ ಅಂತರದಲ್ಲಿ ಈ ಹೆಸರು ಕೂರಿಸಿ ನೋಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗುಂಡಿಯೊಳಗಾದರೆ ಒತ್ತಿನ ಬುಡವೇ ಕತ್ತರಿಸಿ ಹೋಗುತ್ತದೆ. ಕನ್ನಡಕ್ಕೆ ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ಕಡಿಮೆ ಸಾಲಿನ ಅಂತರ ಇಡಬಾರದು, ಅಕ್ಷರದ ಗಾತ್ರವನ್ನೂ ಇಂಗ್ಲಿಷಿಗಿಂತ ಒಂದೆರಡು ಅಂಕ ಏರಿಸಬೇಕು. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮುಂತಾದ ಒಳ್ಳೆಯ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಹಾಗಿದ್ದೂ ಕೆಲವು ತಾಣಗಳು ಕನ್ನಡವನ್ನು ಇವತ್ತಿಗೂ ಚಿತ್ರವಾಗಿ ಅಂಟಿಸುತ್ತವೆ. ಆ ಚಿತ್ರ ಹುಡುಕಾಟದಲ್ಲಿ ಸಿಗುವುದಿಲ್ಲ, ಅಂಧರ ಓದುಯಂತ್ರಕ್ಕೆ ಓದಲಾಗುವುದಿಲ್ಲ, ನಿಧಾನದ ನೆಟ್‌ವರ್ಕಿನಲ್ಲಿ ತೆರೆಯುವುದೂ ಇಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸು. ಮಾರುವ ಹೆಣ್ಣುಮಗಳು ತಾನೇ ಆರ್ಡರ್ ನೋಡಿಕೊಳ್ಳಬೇಕಾದರೆ ಧ್ವನಿಯೂ ಚಿತ್ರವೂ ಬೇಕು. ಕಲಬುರಗಿಯ ಬೀದಿಗಳಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು, ಮರಾಠಿ, ತೆಲುಗು ಕೇಳಿಸುತ್ತವೆ ಎಂಬುದೂ ನೆನಪಿರಲಿ. 2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಸಣ್ಣ ಮಾರಾಟಗಾರರಿಗೆ ಇಷ್ಟು ಬೇಗ ಒಗ್ಗಿದ್ದಕ್ಕೆ ಕಾರಣ ಅಲ್ಲಿ ಮಾತಾಡಿಯೇ ವ್ಯಾಪಾರ ಮುಗಿಸಬಹುದು ಎಂಬುದು. ತಾಣ ಕಟ್ಟುವವರು ಅದನ್ನು ಎದುರಾಳಿ ಎಂದು ಬಗೆಯದೆ ಪುಟದಲ್ಲೇ ಅದಕ್ಕೊಂದು ಗುಂಡಿ ಕೊಡುವುದು ಜಾಣತನ.

ಖಡಕ್ ರೊಟ್ಟಿಗೆ ಬೇಳೆಯ ಕಷ್ಟವಿಲ್ಲ. ಅದು ಹಗುರ, ಒಣಗಿದ್ದು, ದಿನಗಟ್ಟಲೆ ಕೆಡದೆ ಇರುತ್ತದೆ. ಅದರ ಕಷ್ಟ ಬೇರೆ: ಮುರಿಯುತ್ತದೆ. ಹಾಗಾಗಿ ರೊಟ್ಟಿ ಪುಟದಲ್ಲಿ ತಟ್ಟೆಯ ಚಿತ್ರಕ್ಕಿಂತ ಡಬ್ಬಿಯ ಚಿತ್ರ ಮುಖ್ಯ. ಹೇಗೆ ಕಟ್ಟುತ್ತಾರೆ, ಮುರಿದು ಬಂದರೆ ಏನು ಮಾಡುತ್ತಾರೆ ಎಂದು ಬರೆದರೆ ಅರ್ಧ ಮಾರಾಟ ಆದಂತೆಯೇ. ಜೊತೆಗೆ ಶೇಂಗಾ ಹಿಂಡಿಯ ಪೊಟ್ಟಣ ಒಂದೇ ಕ್ಲಿಕ್ಕಿನಲ್ಲಿ ಸೇರುವಂತಿದ್ದರೆ ಸಾಗಣೆ ಖರ್ಚೂ ಹಂಚಿಹೋಗುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಕಮಲಾಪುರದ ಬಾಳೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿರುವ ಈ ತಾಲ್ಲೂಕು ಕೇಂದ್ರದ ಸುತ್ತಲಿನ ತೋಟಗಳಲ್ಲಿ ಬೆಳೆಯುವ ಕೆಂಪು ಬಾಳೆ ಮಾಮೂಲಿ ಬಾಳೆಗಿಂತ ಹೆಚ್ಚು ಕಾಲ ಬೇಡುತ್ತದೆ. ಬೆಳೆಯುವ ಪ್ರದೇಶ ಚಿಕ್ಕದು, ಬೆಲೆ ಹೆಚ್ಚು. ‘ಶ್ರೀಮಂತರ ಹಣ್ಣು’ ಎಂಬ ಹೆಸರೂ ಇದಕ್ಕಿದೆ. ಸಿಪ್ಪೆ ಮೊದಲಿಂದಲೂ ಕೆಂಪಗಿರುವುದರಿಂದ ಹಣ್ಣಾಯಿತೋ ಇಲ್ಲವೋ ಎಂದು ಹೊಸಬರಿಗೆ ಬಣ್ಣ ನೋಡಿ ತಿಳಿಯದು. ‘ಈಗಲೇ ಕೊಳ್ಳಿ’ ಎಂಬ ಮಾಮೂಲಿ ಗುಂಡಿ ಇಂಥ ಹಣ್ಣಿಗೆ ಒಗ್ಗುವುದಿಲ್ಲ. ಇದಕ್ಕೆ ಬೇಕಾದ್ದು ಮುಂಗಡ ಬುಕಿಂಗ್ ಪುಟ. ಮೊದಲ ಪ್ರಶ್ನೆ ಪಿನ್ ಕೋಡ್ ಆಗಲಿ. ಕಲಬುರಗಿ, ಬೀದರ್, ಹೈದರಾಬಾದ್‌ನಂಥ ಹತ್ತಿರದ ಊರುಗಳಿಗೆ ಮಾತ್ರ ‘ಕಳುಹಿಸುತ್ತೇವೆ’ ಎಂಬ ಉತ್ತರ ಬರಲಿ. ಯಾವ ವಾರ ಗೊನೆ ಕಡಿಯುತ್ತಾರೆ ಎಂಬ ಕ್ಯಾಲೆಂಡರ್, ಕೈಗೆ ಬಂದ ಮೇಲೆ ಎಷ್ಟು ದಿನ ಇಟ್ಟು ತಿನ್ನಬೇಕು ಎಂಬ ಚಿತ್ರಸಹಿತ ಸೂಚನೆ ಇರಲಿ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗ ಕಮಲಾಪುರವನ್ನು ಹಾದು ಹೋಗುತ್ತದೆ; ಹತ್ತಿರದ ಊರುಗಳಿಗೆ ಹಣ್ಣು ಸಾಗಿಸಲು ಅದೂ ನೆರವಾಗಬಹುದು. ಇದ್ದಷ್ಟು ಹಣ್ಣಿಗೆ ಮಾತ್ರ ಹಣ ಪಡೆಯುವ ಪುಟ ವ್ಯಾಪಾರ ಕಳೆದುಕೊಳ್ಳುವುದಿಲ್ಲ. ಮುಂದಿನ ಗೊನೆಗೂ ಗಿರಾಕಿಯನ್ನು ಉಳಿಸಿಕೊಳ್ಳುತ್ತದೆ.

ಇದಕ್ಕೆ ತೀರ ವಿರುದ್ಧ ದಾರಿಯೂ ಬೆಳೆದು ನಿಂತಿದೆ. ‘ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ಏರಿಸುವುದು. ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇವಕ್ಕೆ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟ. 2023ರ ನವೆಂಬರ್ 30ರಂದು ನಮ್ಮ ಕೇಂದ್ರ ಸರ್ಕಾರ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿತು. ಇವು ಒಂದು ಸಲದ ಮಾರಾಟ ತರಬಹುದು. ಊರಿನ ಹೆಸರನ್ನೇ ಬ್ರ್ಯಾಂಡ್ ಮಾಡಿಕೊಂಡವರಿಗೆ ಇವು ವಿಷ.

ಕಾನೂನಿನ ಮಾತೂ ಒಂದಿಷ್ಟಿದೆ. ತಯಾರಕರ ಹೆಸರು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಪುಟದಲ್ಲೇ ಕಾಣಬೇಕು ಎಂಬ ನಿಯಮ 2018ರ ಜನವರಿಯಿಂದ ಜಾರಿಯಲ್ಲಿದೆ. ಆಹಾರಕ್ಕೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಬೇಕು. ಇವನ್ನು ಪುಟದ ತಳದಲ್ಲಿ ಬಚ್ಚಿಡುವವರೇ ಹೆಚ್ಚು. ಮೇಲೆ ತಂದು ತೋರಿಸಿದರೆ ಅದೇ ದೊಡ್ಡ ಜಾಹೀರಾತು. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆ, ಪ್ಯಾನ್ ಆಧಾರಿತ ದಾಖಲಾತಿ ಸಂಖ್ಯೆಯಿಂದಲೇ ಇ-ಕಾಮರ್ಸ್ ವೇದಿಕೆಗಳ ಮೂಲಕ ರಾಜ್ಯದೊಳಗೆ ಮಾರಬಹುದು. ಸ್ವಸಹಾಯ ಸಂಘಗಳಿಗೆ ಇದು ದೊಡ್ಡ ಸೌಲಭ್ಯ. ಕಾನೂನಿನಾಚೆ ಇನ್ನೊಂದು ಮಾತು: ಮುಖಪುಟದ ಮೇಲ್ಭಾಗದಿಂದ ಗಣ್ಯರ ಭಾವಚಿತ್ರಗಳನ್ನು ಇಳಿಸಿ, ಆ ಜಾಗದಲ್ಲಿ ರೊಟ್ಟಿಯನ್ನೂ ಅದರ ಬೆಲೆಯನ್ನೂ ಇಡುವ ಧೈರ್ಯ ತಾಣ ನಡೆಸುವ ಸಂಸ್ಥೆಗಳಿಗೆ ಬರಬೇಕು.

ಇಷ್ಟನ್ನು ಮಾಡಲು ಬೆಂಗಳೂರಿನ ಕಂಪನಿಗಳಿಗೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. 1958ರಲ್ಲಿ ಶುರುವಾದ ಪಿಡಿಎ ಎಂಜಿನಿಯರಿಂಗ್ ಕಾಲೇಜು, ಶರಣಬಸವ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇವೆ. ಅಲ್ಲಿಯ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಈ ಸಲದ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ನಾಲ್ಕು ವಿದ್ಯಾರ್ಥಿಗಳ ಒಂದು ತಂಡಕ್ಕೆ ಒಂದು ರೊಟ್ಟಿ ಸಂಘವನ್ನೋ ಕಮಲಾಪುರದ ಒಂದು ಬಾಳೆ ತೋಟವನ್ನೋ ವಹಿಸಿ. ಪುಟ ಕಟ್ಟಿದ ಮೇಲೆ ಅದನ್ನು ಪರೀಕ್ಷಕರಿಗೆ ತೋರಿಸುವ ಮೊದಲು ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೈಗೆ ಕೊಡಿ. ಅವರು ಯಾರ ನೆರವೂ ಇಲ್ಲದೆ ಒಂದು ಆರ್ಡರ್ ನೋಡಿ, ಕಟ್ಟಿ, ಕಳುಹಿಸಿದರೆ ಮಾತ್ರ ಅಂಕ ಕೊಡಿ.