ಮಂಗಳನ ಮೇಲೆ ಕಾಲುವೆ ಅಗೆದವರು ಯಾರು?

1876–77ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು 10 ಲಕ್ಷ ಜನ ಸತ್ತರೆಂದು ಲೆಕ್ಕ. ಅಂದರೆ ಐದರಲ್ಲಿ ಒಂದು ಪಾಲು. ಅದೇ 1877ರಲ್ಲಿ ಇಟಲಿಯ ಜಿಯೊವಾನಿ ಸ್ಕಿಯಾಪರೆಲ್ಲಿ ಎಂಬ ವಿಜ್ಞಾನಿ ದೂರದರ್ಶಕದಲ್ಲಿ ಮಂಗಳ ಗ್ರಹ ನೋಡಿ, ಅದರ ಮೇಲೆ ಉದ್ದುದ್ದ ಗೆರೆಗಳಿವೆ ಎಂದರು.

ಅವರು ಬಳಸಿದ ಪದ 'ಕನಾಲಿ'. ತಾನಾಗಿ ಆದ ಹಳ್ಳಕ್ಕೂ ಜನ ಅಗೆದ ಕಾಲುವೆಗೂ ಅವರ ಭಾಷೆಯಲ್ಲಿ ಅದೇ ಪದ. ಇಂಗ್ಲಿಷಿಗೆ ಹೋಗುವಾಗ ಅದು ಅಗೆದ ಕಾಲುವೆಯೇ ಆಯಿತು. ಕಾಲುವೆ ಇದ್ದ ಮೇಲೆ ಅಗೆದವರೂ ಇರಬೇಕಲ್ಲ? ಅಮೆರಿಕದ ಪರ್ಸಿವಲ್ ಲೊವೆಲ್ 1895ರಲ್ಲಿ ಪುಸ್ತಕವನ್ನೇ ಬರೆದರು. ಮಂಗಳ ಒಣಗುತ್ತಿದೆ, ಅಲ್ಲಿನ ಬುದ್ಧಿವಂತ ಜೀವಿಗಳು ಧ್ರುವದ ಮಂಜು ಕರಗಿದ ನೀರನ್ನು ಕಾಲುವೆಯಲ್ಲಿ ಹರಿಸಿಕೊಳ್ಳುತ್ತಿದ್ದಾರೆ ಎಂಬುದು ಅವರ ವಾದ. ಭದ್ರಾ ಮೇಲ್ದಂಡೆ ನೀರಿನ ದಾರಿ ಕಾಯುತ್ತಿರುವ ಶಿರಾ ತಾಲ್ಲೂಕಿನ ನಮಗೆ, ಗೌಡಗೆರೆಯವರಿಗೆ, ಆ ಕಲ್ಪನೆ ಜನರಿಗೆ ಯಾಕೆ ಹಿಡಿಸಿತು ಎಂದು ಬಿಡಿಸಿ ಹೇಳಬೇಕಿಲ್ಲ.

1965ರ ಜುಲೈನಲ್ಲಿ ಮ್ಯಾರಿನರ್-4 ನೌಕೆ ಹತ್ತಿರದಿಂದ ಫೋಟೊ ತೆಗೆದು ಕಳಿಸಿತು. ಒಂದು ಕಾಲುವೆಯೂ ಇರಲಿಲ್ಲ. ಇದ್ದದ್ದು ಕುಳಿಗಳು. 1976ರಲ್ಲಿ ಎರಡು ವೈಕಿಂಗ್ ನೌಕೆಗಳು ಅಲ್ಲಿ ಇಳಿದು, ಮಣ್ಣಿಗೆ ಪೋಷಕಾಂಶ ಬೆರೆಸಿದ ನೀರು ಹಾಕಿದವು. ಗ್ಯಾಸ್ ಬಂತು! ಆದರೆ ಜೀವಿಗಳಲ್ಲಿ ಇರಲೇಬೇಕಾದ ಇಂಗಾಲದ ವಸ್ತು ಆ ಮಣ್ಣಿನಲ್ಲಿ ಕಾಣಲಿಲ್ಲ. ಇದು ಮಣ್ಣಿನ ರಾಸಾಯನಿಕ ಗುಣ ಎಂದು ಹೆಚ್ಚಿನ ವಿಜ್ಞಾನಿಗಳು ತೀರ್ಮಾನಿಸಿದರು. ಪ್ರಯೋಗ ರೂಪಿಸಿದ ಗಿಲ್ಬರ್ಟ್ ಲೆವಿನ್ ಮಾತ್ರ ಕೊನೆವರೆಗೂ ಒಪ್ಪಲಿಲ್ಲ.

ನಮ್ಮ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಅದನ್ನು ನಿಯಂತ್ರಿಸಿದ ಇಸ್ರೋ ಕೇಂದ್ರ ಇರುವುದು ಬೆಂಗಳೂರಿಗೆ ಹೋಗುವ ನಮ್ಮ ಬಸ್ಸುಗಳು ಹಾದುಹೋಗುವ ಪೀಣ್ಯದಲ್ಲಿ. ನೌಕೆಯಲ್ಲಿ ಮೀಥೇನ್ ಹುಡುಕುವ ಉಪಕರಣವಿತ್ತು. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಮೀಥೇನೇ. ಅದು ಜೀವಿಗಳಿಂದಲೂ ಹುಟ್ಟಬಹುದು, ಬಂಡೆ-ನೀರಿನ ಕ್ರಿಯೆಯಿಂದಲೂ ಹುಟ್ಟಬಹುದು. ಮಂಗಳಯಾನದಿಂದ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಭೂಮಿ ಬಿಟ್ಟು ಬೇರೆಲ್ಲೂ ಜೀವ ಇದೆ ಎಂಬುದು ಇವತ್ತಿಗೂ ಸಾಬೀತಾಗಿಲ್ಲ. 'ಏಲಿಯನ್ ಸಿಕ್ಕಿತು' ಎಂಬ ವಿಡಿಯೊ ವಾಟ್ಸಾಪಿಗೆ ಬಂದರೆ ನಮ್ಮ ಬೋರ್‌ವೆಲ್ ಪಾಯಿಂಟ್ ನೆನಪಿಸಿಕೊಳ್ಳೋಣ. ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತರೆ ಸಾಕೇ? ನೀರು ಇದೆಯೋ ಇಲ್ಲವೋ ತಿಳಿಯುವುದು ಕೊರೆಸಿದ ಮೇಲೆಯೇ.